ಕರುಳಿನ ಕಾವಲುಗಾರರು

ತುತ್ತು ಗಂಟಲು ದಾಟಿದ ಮೇಲೆ ಅದರ ಚಿಂತೆ ನಮಗಿಲ್ಲ. ಅದನ್ನು ಮುಂದೆ ಸಾಗಿಸುವ ಹೊಣೆ ಹೊತ್ತಿರುವುದು ಕರುಳಿನ ಗೋಡೆಯೊಳಗೆ ಬಲೆಯಂತೆ ಹೆಣೆದುಕೊಂಡಿರುವ ನರಕೋಶಗಳು. ಅವುಗಳ ಸಂಖ್ಯೆ 10 ಕೋಟಿಗೂ ಹೆಚ್ಚೆಂದು ಅಂದಾಜು.

1899ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ವಿಜ್ಞಾನಿಗಳು ನಾಯಿಯ ಕರುಳಿಗೆ ಹೊರಗಿನಿಂದ ಬರುವ ನರಗಳನ್ನು ಕತ್ತರಿಸಿ ನೋಡಿದರು. ಆದರೂ ಕರುಳು ಸುಮ್ಮನಾಗಲಿಲ್ಲ. ಒಳಗಿಟ್ಟ ಉಂಡೆಯ ಹಿಂದಿನ ಭಾಗ ಬಿಗಿಯಿತು, ಮುಂದಿನ ಭಾಗ ಸಡಿಲವಾಯಿತು, ಉಂಡೆ ಮುಂದೆ ಸಾಗಿತು. ಆಹಾರ ಬಂದು ಗೋಡೆ ಹಿಗ್ಗಿದಾಗ ಒಳಪದರದ ಕೆಲವು ಕೋಶಗಳು ಸಿರೊಟೋನಿನ್ ಎಂಬ ರಾಸಾಯನಿಕವನ್ನು ಬಿಡುತ್ತವೆ. ನರಕೋಶಗಳು ಆ ಸೂಚನೆಯನ್ನು ಗ್ರಹಿಸಿ ಸ್ನಾಯುಗಳಿಗೆ ಆಜ್ಞೆ ಕೊಡುತ್ತವೆ. ಮಿದುಳಿನೊಂದಿಗೆ ಅವುಗಳಿಗೆ ಸಂಪರ್ಕವಿದೆ. ಹೆದರಿದಾಗ ಹೊಟ್ಟೆ ಕೆಡುವುದು ಅದರಿಂದಲೇ. ಆದರೆ ದಿನನಿತ್ಯದ ಈ ಕೆಲಸಕ್ಕೆ ಅವು ಮಿದುಳಿನ ಅಪ್ಪಣೆಗೆ ಕಾಯುವುದಿಲ್ಲ.

ಈ ಕೋಶಗಳೇ ಇಲ್ಲದಿದ್ದರೆ? ಗರ್ಭದ ಮೊದಲ ಮೂರು ತಿಂಗಳಲ್ಲಿ ಅವು ಕುತ್ತಿಗೆಯ ಕಡೆಯಿಂದ ಹೊರಟು ಕರುಳಿನ ಕೊನೆಯವರೆಗೆ ತಲುಪಬೇಕು. ಸುಮಾರು 5000 ಶಿಶುಗಳಲ್ಲಿ ಒಂದಕ್ಕೆ ಅವು ಕೊನೆ ಮುಟ್ಟುವುದಿಲ್ಲ. ಆ ಭಾಗ ಸಡಿಲವಾಗದೆ ಬಿಗಿದೇ ಇರುತ್ತದೆ, ಮಲ ಅಲ್ಲಿಯೇ ತಡೆಯಲ್ಪಡುತ್ತದೆ. 1886ರಲ್ಲಿ ಇದನ್ನು ವಿವರಿಸಿದ ಡೆನ್ಮಾರ್ಕಿನ ಮಕ್ಕಳ ವೈದ್ಯರ ಹೆಸರಿನಿಂದ ಇದಕ್ಕೆ ಹಿರ್ಷ್‌ಸ್ಪ್ರಂಗ್ ರೋಗ ಎನ್ನುತ್ತಾರೆ.

ಸಹೋದರಿಯರೇ, ಬಾಣಂತನ ಮಾಡುವವರು ಗಮನಿಸಬೇಕಾದ ಮಾತೊಂದಿದೆ. ತಿಂಗಳು ತುಂಬಿ ಹುಟ್ಟಿದ ಹೆಚ್ಚಿನ ಶಿಶುಗಳು 24 ಗಂಟೆಯೊಳಗೆ ಮೊದಲ ಕಪ್ಪು ಮಲ ವಿಸರ್ಜಿಸುತ್ತವೆ. ಹಾಗಾಗದಿದ್ದರೆ ವೈದ್ಯರಿಗೆ ತಿಳಿಸಿ. ಹೊಟ್ಟೆ ಉಬ್ಬಿದರೆ, ಹಸಿರು ವಾಂತಿಯಾದರೆ, ಮಗು ಹಾಲು ಬಿಟ್ಟರೆ ತಡ ಮಾಡದೆ ಆಸ್ಪತ್ರೆಗೆ ಒಯ್ಯಿರಿ. ಹರಳೆಣ್ಣೆ ಕುಡಿಸುವುದು, ವೀಳ್ಯದೆಲೆಯ ತೊಟ್ಟು ಅಥವಾ ಸೋಪಿನ ತುಂಡು ಇಡುವುದು ಬೇಡ. ತೊಟ್ಟು ಇಟ್ಟಾಗ ಒಮ್ಮೆ ಮಲ ಹೊರಬಂದು ಮನೆಯವರಿಗೆ ಸಮಾಧಾನವಾಗಬಹುದು. ರೋಗ ಮಾತ್ರ ಒಳಗೇ ಉಳಿಯುತ್ತದೆ. ಕರುಳಿಗೆ ಸೋಂಕು ತಗಲಿದರೆ ಜೀವಕ್ಕೇ ಅಪಾಯ. ಎದೆಹಾಲು ಕುಡಿದು ಆಡಿಕೊಂಡಿರುವ ಮಗು ಕೆಲವು ವಾರಗಳ ನಂತರ ಎರಡು ಮೂರು ದಿನ ಮಲ ವಿಸರ್ಜಿಸದಿರುವುದು ಬೇರೆ ವಿಷಯ. ಅದಕ್ಕೆ ಗಾಬರಿ ಬೇಡ.

ಕರುಳಿನ ಸಣ್ಣ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ವೈದ್ಯರು ರೋಗವನ್ನು ಖಚಿತಪಡಿಸುತ್ತಾರೆ. ನರಕೋಶಗಳಿಲ್ಲದ ಭಾಗವನ್ನು ತೆಗೆದು ಉಳಿದುದನ್ನು ಜೋಡಿಸುವ ಶಸ್ತ್ರಚಿಕಿತ್ಸೆ 1948ರಿಂದಲೇ ಇದೆ. ಆ ಬಳಿಕವೂ ಕೆಲವರಿಗೆ ಮಲಬದ್ಧತೆಯ ತೊಂದರೆ ಉಳಿಯಬಹುದು, ಆದರೆ ಹೆಚ್ಚಿನ ಮಕ್ಕಳು ಚೆನ್ನಾಗಿ ಬೆಳೆಯುತ್ತಾರೆ. ಇದಕ್ಕಾಗಿ ಹೆತ್ತವಳನ್ನು ದೂರುವುದು ಅನ್ಯಾಯ. ಆಸ್ಪತ್ರೆಯಿಂದ ಮನೆಗೆ ಹೊರಡುವ ಮುನ್ನ ಮಗು ಮೊದಲ ಮಲ ಮಾಡಿತೇ, ಎಷ್ಟು ಹೊತ್ತಿಗೆ ಎಂದು ವಿಚಾರಿಸಿ ನೆನಪಿನಲ್ಲಿಡಿ. ವೈದ್ಯರು ಮೊದಲು ಕೇಳುವುದು ಅದನ್ನೇ.