ಹುಲ್ಲು ಚಿಗುರದಿದ್ದರೆ ಬುಡ ಕಿತ್ತು ನೋಡಿ



ಕಳೆದ ವರ್ಷ ಉತ್ತರೆ ಮಳೆಯ ಹೊತ್ತಿಗೆ ಕನಕಪುರದ ಹತ್ತಿರ ರೈತರೊಬ್ಬರ ನೇಪಿಯರ್ ತಾಕಿಗೆ ಹೋಗಿದ್ದೆ. ತಾಕು ನಾಲ್ಕು ವರ್ಷದ್ದು. ಮೂರು ವಾರ ಕೈಕೊಟ್ಟ ಮಳೆ ಮತ್ತೆ ಹುಯ್ದಿತ್ತು. ಬದುವಿನ ಗರಿಕೆ ಹಸಿರಾಗಿದ್ದರೂ ತಾಕಿನ ಅರ್ಧ ಭಾಗ ಚಿಗುರಿರಲಿಲ್ಲ. ಎರಡು ಸಲ ಯೂರಿಯಾ ಹಾಕಿದ್ದಾಗಿತ್ತು. ಒಂದು ಬುಡ ಹಿಡಿದು ಎಳೆದೆ. ತಲೆಯ ಮೇಲಿನ ಪೇಟ ತೆಗೆದಂತೆ ಸಲೀಸಾಗಿ ಬಂತು. ಕೆಳಗೆ ಬೇರಿಲ್ಲ, ಕೊಕ್ಕೆಯಂತೆ ಬಾಗಿ ಮಲಗಿದ ಏಳು ಗೊಣ್ಣೆಹುಳುಗಳಿದ್ದವು.

"ಮಳೆ ಇದ್ದಾಗ ಚೆನ್ನಾಗಿಯೇ ಇತ್ತಲ್ಲ ಸ್ವಾಮಿ?" ಎಂದರು ಆ ರೈತರು.

ಪ್ರಶ್ನೆ ಸರಿಯಾದದ್ದೇ. ನೆಲದಲ್ಲಿ ತೇವವಿರುವವರೆಗೆ ಅರ್ಧ ಬೇರಿದ್ದರೂ ಹುಲ್ಲಿಗೆ ನೀರು ಸಾಲುತ್ತದೆ. ಮೇಲಿನಿಂದ ಏನೂ ತಿಳಿಯದು. ಮೇಲ್ಮಣ್ಣು ಒಣಗಿದಾಗ ಆಳದ ಬೇರು ಬೇಕು. ಕಟಾವಿನ ನಂತರ ಚಿಗುರಲು ಬುಡದಲ್ಲಿಯೂ ಬೇರಿನಲ್ಲಿಯೂ ಕೂಡಿಟ್ಟ ಆಹಾರ ಬೇಕು. ಹುಳು ಕದಿಯುವುದು ಇವನ್ನೇ. ಆದುದರಿಂದ ಅದರ ಹಾನಿಯನ್ನು ಇಂದಿನ ಹುಲ್ಲಿನ ತೂಕದಿಂದ ಅಳೆಯಲಾಗದು. ಬರ ತಟ್ಟಿದ ಮೇಲೆ ಹುಲ್ಲು ಎಷ್ಟು ಬೇಗ ಚೇತರಿಸಿಕೊಳ್ಳುತ್ತದೆ ಎಂಬುದರಿಂದ ಅಳೆಯಬೇಕು. ಹಿಪ್ಪುನೇರಳೆಯಲ್ಲಿ ಬೇರುಗಂಟು ಜಂತುವಿನ ಕಾಟ ಕಂಡ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ರಾಗಿ ಹೊಲದಲ್ಲಿ ಈ ಹುಳು ಇಲ್ಲವೆಂದಲ್ಲ. ಅಲ್ಲಿ ವರ್ಷವರ್ಷವೂ ಉಳುಮೆಯಿದೆ. ನೇಗಿಲ ಹಿಂದೆಯೇ ಬೆಳ್ಳಕ್ಕಿ, ಗೊರವಂಕ, ಕಾಗೆಗಳು ಬರುತ್ತವೆ. ನೇಪಿಯರ್ ನೆಟ್ಟ ನೆಲವಾದರೋ ನಾಲ್ಕೈದು ವರ್ಷ ನೇಗಿಲನ್ನೇ ಕಾಣದು. ಹುಲ್ಲಿನ ಜೊತೆಗೆ ಹುಳುವನ್ನೂ ನಾವೇ ಸಾಕಿದಂತಾಯಿತು. ನ್ಯೂಜಿಲೆಂಡಿನಲ್ಲಿಯೂ ಹೀಗೆಯೇ, ಹೊರಗಿನಿಂದ ತಂದ ಹುಲ್ಲು ಬಿತ್ತಿ ಗೋಮಾಳ ಮಾಡಿದ ಮೇಲೆ ಆ ನಾಡಿನದೇ ಆದ ಬೇರುಹುಳು ದೊಡ್ಡ ಪಿಡುಗಾಯಿತು.

ಆದರೆ ಹುಳುವನ್ನಷ್ಟೇ ದೂರುವುದು ನನಗೆ ಒಪ್ಪಿಗೆಯಿಲ್ಲ. ಅರ್ಧ ತಪ್ಪು ನಮ್ಮ ಕುಡುಗೋಲಿನದು. ಮೇವಿನ ಅವಸರಕ್ಕೆ ತಿಂಗಳಿಗೊಮ್ಮೆ ನೆಲ ಕೆರೆದಂತೆ ಕೊಯ್ದರೆ ಬೇರಿಗೆ ಕೂಡಿಡಲು ಏನು ಉಳಿದೀತು? 45 ದಿನಕ್ಕೊಮ್ಮೆ, ನಾಲ್ಕೈದು ಅಂಗುಲ ಬುಡ ಬಿಟ್ಟು ಕೊಯ್ಯಿರಿ. ಬೇರು ಬಲವಾಗಿದ್ದರೆ ಬುಡಕ್ಕೊಂದೆರಡು ಹುಳುವನ್ನು ಹುಲ್ಲು ತಾನೇ ತಾಳಿಕೊಳ್ಳುತ್ತದೆ. ಬದುವಿನ ಗರಿಕೆಯನ್ನು ಕೆರೆದು ಹಾಕಬೇಡಿ. ಅದನ್ನು ಕಳೆಯೆಂದು ಬೈದವರಲ್ಲಿ ನಾನೂ ಒಬ್ಬ! ಆದರೆ ಅದು ಗೆಣ್ಣುಗೆಣ್ಣಿಗೂ ಬೇರೂರುತ್ತದೆ. ಒಂದೆಡೆ ಬೇರು ಹೋದರೂ ಇನ್ನೊಂದೆಡೆ ಬದುಕುತ್ತದೆ. ನೇಪಿಯರಿಗಿರುವುದು ತನ್ನ ಬುಡವೊಂದೇ.

ಹುಳು ಕಂಡೊಡನೆ ಫೋರೇಟ್ ಹರಳು ಹುಡುಕುವುದು ಹಳೆಯ ಅಭ್ಯಾಸ. 2020ರ ಡಿಸೆಂಬರ್ 31ರಿಂದ ನಮ್ಮ ದೇಶದಲ್ಲಿ ಅದನ್ನು ನಿಷೇಧಿಸಲಾಗಿದೆ. ಹಸು ತಿನ್ನುವ ಹುಲ್ಲಿಗೆ, ರೇಷ್ಮೆ ಸೊಪ್ಪಿನ ತೋಟದ ಪಕ್ಕದಲ್ಲಿ, ಅಂಥ ವಿಷ ಯಾವ ಕಾಲಕ್ಕೂ ತಕ್ಕದ್ದಾಗಿರಲಿಲ್ಲ. ಮುಂಗಾರಿನಲ್ಲಿ ಮರಿಹುಳುಗಳು ಚಿಕ್ಕವಿರುವಾಗಲೇ ಮೆಟಾರೈಜಿಯಂ ಶಿಲೀಂಧ್ರವನ್ನು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ, ಹಸಿ ಮಣ್ಣಿಗೆ ಸೇರಿಸಿ. ಉತ್ತರೆಯ ಹೊತ್ತಿಗೆ ಹುಳು ಬಲಿತಿರುತ್ತದೆ, ಮದ್ದು ಅಷ್ಟಾಗಿ ನಾಟದು.

ಎಲ್ಲಕ್ಕಿಂತ ಅಗ್ಗದ ಕೆಲಸ ಭರಣಿಯ ಮೊದಲ ಹದಮಳೆ ಬಿದ್ದ ಸಂಜೆಯದು. ನೆಲದಿಂದೆದ್ದ ದುಂಬಿಗಳು ಬೇವು, ಜಾಲಿ ಮರಗಳಿಗೆ ಮುತ್ತುತ್ತವೆ. ಕೊಂಬೆ ಅಲುಗಿಸಿ, ಉದುರಿದವನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿ. ಒಬ್ಬರು ಹಿಡಿದು ಪಕ್ಕದವರು ಸುಮ್ಮನಿದ್ದರೆ ಪ್ರಯೋಜನವಿಲ್ಲ. ಊರಿನವರೆಲ್ಲ ಸೇರಿ ನಾಲ್ಕಾರು ಸಂಜೆ ಬಿಡದೆ ಮಾಡಬೇಕು.