ಚಿತ್ರದೊಡನೆ ಲೆಕ್ಕವೂ ಉಳಿಯಲಿ

ವಿದ್ಯುತ್ ಯೋಜನೆಗಳ ಹಳೆಯ ಪ್ರಚಾರಚಿತ್ರಗಳನ್ನು ಕೇವಲ ನೆನಪಿನ ಸರಕೆಂದು ಭಾವಿಸಲಾಗದು. ಅಮೆರಿಕದ ಕೊಲಂಬಿಯಾ ನದಿಯ ವಿದ್ಯುತ್ತನ್ನು ಮಾರಲು 1937ರಲ್ಲಿ ಸ್ಥಾಪಿತವಾದ ಸರ್ಕಾರಿ ಸಂಸ್ಥೆ ಬಾನವಿಲ್ ಪವರ್ ಅಡ್ಮಿನಿಸ್ಟ್ರೇಷನ್, 1941ರಲ್ಲಿ ಗಾಯಕ ವುಡಿ ಗಥ್ರಿಯಿಂದ ಹಾಡುಗಳನ್ನು ಬರೆಸಿ, 1949ರಲ್ಲಿ 'ದಿ ಕೊಲಂಬಿಯಾ' ಚಿತ್ರವನ್ನು ಹೊರತಂದಿತು. ಮಾರಾಟಗಾರನೇ ನಿರ್ಮಾಪಕನಾದಾಗ ಸರಕಿನ ಗುಣಗಾನ ಸಹಜ.

ಸಂಸ್ಥೆಯ ನಿಜವಾದ ಸಾಧನೆ ಅದರ ಅಂದಿನ ದರಪಟ್ಟಿಯಲ್ಲಿತ್ತು: ದೂರವೆಷ್ಟಿದ್ದರೂ ಕಿಲೋವ್ಯಾಟಿಗೆ ವರ್ಷಕ್ಕೆ 17.50 ಡಾಲರ್ ಎಂಬ ಏಕರೂಪದ ಸಗಟು ದರ. ಅಣೆಕಟ್ಟಿನಿಂದ ದೂರವಿದ್ದ ಊರುಗಳಿಗೂ ಅದರಿಂದ ಸಮಾನ ಅವಕಾಶ ದೊರೆಯಿತು. ಖರ್ಚಿನ ಪುಟವೂ ಉಂಟು: ಗ್ರ್ಯಾಂಡ್ ಕೂಲಿ ಅಣೆಕಟ್ಟು ಸಾಲ್ಮನ್ ಮೀನುಗಳ ದಾರಿಯನ್ನು ಮುಚ್ಚಿ, ಮೂಲನಿವಾಸಿಗಳ ಮೀನುಗಾರಿಕೆಯನ್ನು ಕಸಿಯಿತು.

ಇಂತಹ ಚಿತ್ರಗಳನ್ನು ಸಂರಕ್ಷಿಸುವವರು ದರಪಟ್ಟಿಯನ್ನೂ ನಷ್ಟದ ದಾಖಲೆಯನ್ನೂ ಜೊತೆಗಿರಿಸಬೇಕು. ಜಮಾ-ಖರ್ಚು ಎರಡನ್ನೂ ನೋಡದೆ ಯಾವ ವರ್ತಕನೂ ಲೆಕ್ಕ ಮುಗಿಸುವುದಿಲ್ಲ.