ಮೃಗಾಲಯದ ಕಾದ ಬೆಂಚಿನ ಮೇಲೆ ಕೂತರೆ ಮೂಲವ್ಯಾಧಿ ಬರುತ್ತದೆಯೇ?

ಬಿಸಿ ಬೆಂಚಿನಿಂದ ಮೂಲವ್ಯಾಧಿ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಅದು ನಿಜವಲ್ಲ. ಮೂಲವ್ಯಾಧಿಗೆ ಮುಖ್ಯ ಕಾರಣ ಮಲಬದ್ಧತೆ ಮತ್ತು ಶೌಚದ ವೇಳೆ ತಿಣುಕುವುದು. ಆದರೆ ಬಿಸಿಲಿಗೆ ಕಾದ ಕಬ್ಬಿಣದ ಬೆಂಚು ಚರ್ಮವನ್ನು ಸುಡಬಲ್ಲದು. ಲೋಹವು ಮರಕ್ಕಿಂತ ಬೇಗ ಶಾಖವನ್ನು ಮೈಗೆ ದಾಟಿಸುತ್ತದೆ.

ನಿಜವಾದ ತೊಂದರೆ ಬೇರೆ ಇದೆ. 1892ರಲ್ಲಿ ಆರಂಭವಾದ ಮೈಸೂರು ಮೃಗಾಲಯವನ್ನು ಪೂರ್ತಿ ನೋಡಲು ಕಿಲೋಮೀಟರುಗಟ್ಟಲೆ ನಡೆಯಬೇಕು. ಇಂಥ ಕಡೆ ಮಂಡಿನೋವಿನ ಅಜ್ಜಿ ತಗ್ಗಾದ ಕಲ್ಲುಬೆಂಚಿನ ಮೇಲೆ ಹೇಗೋ ಕೂರುತ್ತಾರೆ, ಏಳುವುದೇ ಕಷ್ಟ. ಸುಮಾರು 45 ಸೆಂ.ಮೀ. ಎತ್ತರ, ಬೆನ್ನಿಗೆ ಆಸರೆ, ಊರಿಕೊಂಡು ಏಳಲು ಕೈಯಾಸರೆ, ಮೇಲೆ ನೆರಳು ಇದ್ದರೆ ಅದು ಒಳ್ಳೆಯ ಬೆಂಚು. ಇಲ್ಲವಾದರೆ ಹಿರಿಯರು ಗೇಟಿನ ಬಳಿಯೇ ಉಳಿದುಬಿಡುತ್ತಾರೆ. ಫಾರ್ವರ್ಡ್ ಮಾಡುವುದಾದರೆ ಈ ಮಾತನ್ನು ಮಾಡೋಣ.